ಮಾರಿಷಸ್ಸನ್ನು 'ಪುಟ್ಟ ಭಾರತ' ಎನ್ನಬಹುದೇ?

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಸಾಮಾನ್ಯ ಜ್ಞಾನದ ಪುಸ್ತಕವೊಂದರಲ್ಲಿ ಮಾರಿಷಸ್ 'ಪುಟ್ಟ ಭಾರತ' ಎಂದಿದೆ. ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ಅದು ಆಫ್ರಿಕಾದ ದೇಶ, ಅಲ್ಲಿ ಮೂಲನಿವಾಸಿಗಳೇ ಇಲ್ಲ, ಪತ್ರಿಕೆಗಳು ಫ್ರೆಂಚಿನಲ್ಲಿ, ಸಂಸತ್ತು ಇಂಗ್ಲಿಷಿನಲ್ಲಿ ಎಂದಿದೆ. ಇವೆಲ್ಲ ಒಂದೇ ದೇಶದ ಮಾತೇ? ಛಾಗೋಸ್ ದ್ವೀಪಗಳ ವಿಷಯವೂ ಆಗಾಗ ಬರುತ್ತದೆ. ಅದಕ್ಕೂ ಮಾರಿಷಸ್ಸಿಗೂ ಏನು ಸಂಬಂಧ? ಸ್ವಲ್ಪ ವಿವರವಾಗಿ ತಿಳಿಸಿ.
(ವಿಜಯಪುರದ ಓದುಗರೊಬ್ಬರು)

ಉತ್ತರ: ನಿಮ್ಮ ಪುಸ್ತಕದ ಎರಡನೆಯ ಪುಟದಲ್ಲಿರುವುದೆಲ್ಲ ಸರಿ. ಮೊದಲ ಪುಟದ ಬಿರುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಲ್ಲಿನ ಜನರಲ್ಲಿ ಮೂರರಲ್ಲಿ ಎರಡು ಪಾಲು ಭಾರತದಿಂದ ಹೋದವರ ಸಂತತಿ ಎಂಬುದು ನಿಜ. ಆದರೆ ಆ ಬಿರುದನ್ನು ಒಪ್ಪಿಕೊಂಡರೆ ಭಾರತದಿಂದ ಕರಾರಿನ ಮೇಲೆ ಬಂದ ಕೂಲಿಗಳಿಗಿಂತ ನೂರು ವರ್ಷ ಮೊದಲೇ ಆ ನೆಲವನ್ನು ಹಸನು ಮಾಡಿದ ಆಫ್ರಿಕಾದ, ಮಡಗಾಸ್ಕರಿನ ಗುಲಾಮರು ಕಥೆಯಿಂದ ಬಿಟ್ಟುಹೋಗುತ್ತಾರೆ. ಭಾರತದಿಂದ ಹೋದವರು ಅಲ್ಲಿ ಏನಾದರು, ಏನನ್ನು ಹೊಸದಾಗಿ ಕಟ್ಟಿದರು ಎಂಬುದೂ ಕಾಣದೆ ಹೋಗುತ್ತದೆ. ಅದಕ್ಕೇ ಯಾರು ಯಾವಾಗ, ಯಾರ ಬಲವಂತಕ್ಕೆ ಬಂದರು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

ನೀವು ವಿಜಯಪುರದವರಾದ್ದರಿಂದ ಕಲ್ಲಿನಿಂದಲೇ ಶುರುಮಾಡೋಣ. ಗೋಳಗುಮ್ಮಟವನ್ನು ಕಟ್ಟಿರುವ ಕಪ್ಪು ಬಸಾಲ್ಟ್, ನಿಮ್ಮ ಹೊಲಗಳ ಎರೆಮಣ್ಣು, ಇವೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದು ಹೆಪ್ಪುಗಟ್ಟಿದ ಲಾವಾದ ಫಲ. ಭೂಮಿಯ ಒಳಗಿನಿಂದ ಆ ಬೆಂಕಿಯನ್ನು ಉಕ್ಕಿಸಿದ ತಾಣಕ್ಕೆ ಭೂವಿಜ್ಞಾನಿಗಳು ರಿಯೂನಿಯನ್ ಹಾಟ್‌ಸ್ಪಾಟ್ ಎನ್ನುತ್ತಾರೆ. ತಾಣ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅದರ ಮೇಲಿನ ಭೂಫಲಕ ಭಾರತವನ್ನು ಹೊತ್ತುಕೊಂಡು ಉತ್ತರಕ್ಕೆ ಸರಿಯಿತು. ಸರಿಯುತ್ತ ಹೋದಂತೆ ಬೆಂಕಿಯ ಗುರುತುಗಳು ಸಮುದ್ರದಲ್ಲಿ ಸಾಲಾಗಿ ಉಳಿದವು: ಲಕ್ಷದ್ವೀಪ, ಮಾಲ್ಡೀವ್ಸ್ ಮತ್ತು ಛಾಗೋಸ್ ಕುಳಿತಿರುವ ಏಣು, ಆಮೇಲೆ ಮಸ್ಕರೀನ್ ಪ್ರಸ್ಥಭೂಮಿ, ಸುಮಾರು 80–90 ಲಕ್ಷ ವರ್ಷಗಳ ಹಿಂದೆ ಮಾರಿಷಸ್, ಕೊನೆಯಲ್ಲಿ ರಿಯೂನಿಯನ್. ರಿಯೂನಿಯನ್ನಿನ ಜ್ವಾಲಾಮುಖಿ ಇವತ್ತಿಗೂ ಆಗಾಗ ಲಾವಾ ಕಾರುತ್ತದೆ. ನಿಮ್ಮೂರಿನ ಕಲ್ಲಿಗೂ ಮಾರಿಷಸ್ಸಿನ ಬೆಟ್ಟಗಳಿಗೂ ಮೂಲ ಒಂದೇ ಎಂಬುದನ್ನು ಯಾವ ಸಾಮಾನ್ಯ ಜ್ಞಾನದ ಪುಸ್ತಕವೂ ಹೇಳುವುದಿಲ್ಲ. ಹೇಳಬೇಕಿತ್ತು.

ಇನ್ನೂ ಒಂದು ಸಂಗತಿ ಇದೆ. ಇಷ್ಟು ಎಳೆಯ ದ್ವೀಪದ ಶಿಲೆಯೊಳಗೆ ಸುಮಾರು 300 ಕೋಟಿ ವರ್ಷ ಹಳೆಯ ಜಿರ್ಕಾನ್ ಹರಳುಗಳು ಸಿಕ್ಕಿದ್ದನ್ನು 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಭಾರತ ಮತ್ತು ಮಡಗಾಸ್ಕರ್ ಒಂದಾಗಿದ್ದ ಕಾಲದ ಭೂಖಂಡದ ಚೂರೊಂದು ದ್ವೀಪದ ಅಡಿಯಲ್ಲಿ ಹೂತಿದೆ, ಲಾವಾ ಮೇಲೆ ಬರುವಾಗ ಅದರ ಹರಳುಗಳನ್ನು ಹೊತ್ತು ತಂದಿದೆ ಎಂಬುದು ಅವರ ವಾದ. ಆ ಎರಡು ನೆಲಗಳು ಬೇರೆಯಾದ ಕಾಲದ ಕುರುಹು ನಮ್ಮ ಕರಾವಳಿಯಲ್ಲೇ ಇದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಆ ಬೇರ್ಪಡೆಯ ಹೊತ್ತಿನಲ್ಲಿ ಹುಟ್ಟಿದವು, ಸುಮಾರು 8.8 ಕೋಟಿ ವರ್ಷ ಹಿಂದೆ.

ಈಗ ಭೂಗೋಳ. ಮಡಗಾಸ್ಕರಿನಿಂದ ಪೂರ್ವಕ್ಕೆ ಸುಮಾರು 800 ಕಿ.ಮೀ., ಭಾರತದ ದಕ್ಷಿಣ ತುದಿಯಿಂದ ಸುಮಾರು 4,000 ಕಿ.ಮೀ. ದೂರ. ಮುಖ್ಯ ದ್ವೀಪ 1,865 ಚದರ ಕಿ.ಮೀ., ಉಳಿದವೂ ಸೇರಿದರೆ 2,040. ಜನಸಂಖ್ಯೆ ಹನ್ನೆರಡೂವರೆ ಲಕ್ಷದ ಆಸುಪಾಸು. ರಾಜಧಾನಿ ಪೋರ್ಟ್ ಲೂಯಿ. ಅತಿ ಎತ್ತರದ ಶಿಖರ 828 ಮೀಟರ್. ದ್ವೀಪದ ಸುತ್ತ ಬಹುಪಾಲು ಹವಳದ ದಂಡೆ ಇದೆ. ಅದರ ಒಳಗಿನ ನೀರು ತಿಳಿಯಾಗಿ, ಶಾಂತವಾಗಿ ನಿಂತಿರುತ್ತದೆ. ಪ್ರವಾಸೋದ್ಯಮದ ಜಾಹೀರಾತಿನಲ್ಲಿ ನಾವು ನೋಡುವುದು ಅದನ್ನೇ. ಜನ ಹೆಚ್ಚಾಗಿ ಬದುಕುವುದು ಬೇರೆ ಕಡೆ, ನಡುವಿನ ಎತ್ತರದ ನೆಲದಲ್ಲಿ. ಆಗ್ನೇಯದಿಂದ ಬೀಸುವ ವಾಣಿಜ್ಯ ಮಾರುತಗಳು ಅಲ್ಲಿ ವರ್ಷವಿಡೀ ಮಳೆ ಸುರಿಸುತ್ತವೆ. ಬೆಟ್ಟದ ಮರೆಯಲ್ಲಿರುವ ಪಶ್ಚಿಮ ಕರಾವಳಿ ಒಣಗಿರುತ್ತದೆ. ನಮ್ಮ ಘಟ್ಟ ಮತ್ತು ಬಯಲುಸೀಮೆಯ ನಡುವಿನ ವ್ಯತ್ಯಾಸ ಅಲ್ಲಿ ಅರ್ಧ ಗಂಟೆಯ ಬಸ್ ಪ್ರಯಾಣದಲ್ಲಿ ಕಾಣಸಿಗುತ್ತದೆ.

ಪೋರ್ಟ್ ಲೂಯಿಯಲ್ಲಿದ್ದ ಉಳ್ಳವರು ಆ ಎತ್ತರದ ಕ್ಯೂರ್‌ಪಿಪ್ ಕಡೆಗೆ ಮನೆ ಬದಲಿಸಿದ್ದು 1866–68ರ ಮಲೇರಿಯಾ ಹತ್ತಾರು ಸಾವಿರ ಜನರನ್ನು ಬಲಿ ತೆಗೆದುಕೊಂಡ ಮೇಲೆ. ಚಂಡಮಾರುತಗಳೂ ಊರುಗಳ ರೂಪವನ್ನು ಬದಲಿಸಿವೆ. 1960ರ ಫೆಬ್ರವರಿಯ ಕೊನೆಯಲ್ಲಿ ಬಂದ 'ಕ್ಯಾರೊಲ್' ಹುಲ್ಲು, ತಗಡು, ಮರದ ಮನೆಗಳನ್ನು ಸಾವಿರಗಟ್ಟಲೆ ನೆಲಸಮ ಮಾಡಿತು. ಆಮೇಲೆ ಕಟ್ಟಿದ್ದೆಲ್ಲ ಕಾಂಕ್ರೀಟು. ಇವತ್ತು ಅಲ್ಲಿನ ಹಳ್ಳಿಗಳೂ ಕಾಂಕ್ರೀಟಿನ ಚೌಕ ಮನೆಗಳಿಂದ ತುಂಬಿರುವುದಕ್ಕೆ ಕಾರಣ ಆ ಚಂಡಮಾರುತ.

ಮೂಲನಿವಾಸಿಗಳಿಲ್ಲ ಎಂಬುದು ನಿಜ. ಅರಬ್ ನಾವಿಕರಿಗೆ ದ್ವೀಪದ ಪರಿಚಯವಿತ್ತು, 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸರೂ ಬಂದು ಹೋದರು, ಆದರೆ ಯಾರೂ ನೆಲೆಸಲಿಲ್ಲ. 1598ರಲ್ಲಿ ಡಚ್ಚರು ಇಳಿದು, ತಮ್ಮ ರಾಜಕುಮಾರ ಮಾರಿಸನ ಹೆಸರನ್ನು ಅದಕ್ಕೆ ಇಟ್ಟರು. 1638ರಿಂದ ನಡುವೆ ಬಿಟ್ಟು ಬಿಟ್ಟು 1710ರವರೆಗೆ ಅಲ್ಲಿ ಇದ್ದರು. ಜಾವಾದಿಂದ ಕಬ್ಬು ಮತ್ತು ಜಿಂಕೆ ತಂದರು, ಎಬನಿ ಮರಗಳನ್ನು ಕಡಿದು ಸಾಗಿಸಿದರು. ಡೋಡೋ ಹಕ್ಕಿ ಅಳಿದದ್ದು ಅವರ ಕಾಲದಲ್ಲೇ. ನಂಬಲರ್ಹವಾಗಿ ಅದನ್ನು ಕೊನೆಗೆ ಕಂಡದ್ದು 1662ರಲ್ಲಿ ಎನ್ನುತ್ತಾರೆ. ಡಚ್ಚರು ತಿಂದೇ ಮುಗಿಸಿದರು ಎಂದು ಬರೆಯುವವರಿದ್ದಾರೆ. ಹೆಚ್ಚಿನ ಹಾನಿ ಮಾಡಿದ್ದು ಹಡಗುಗಳಲ್ಲಿ ಬಂದ ಇಲಿ, ಹಂದಿ, ಕೋತಿಗಳು. ನೆಲದ ಮೇಲೆ ಮೊಟ್ಟೆಯಿಡುವ ಹಾರಲಾರದ ಹಕ್ಕಿಗೆ ಅವುಗಳಿಂದ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಡೋಡೋ ಪಾರಿವಾಳದ ಬಳಗಕ್ಕೆ ಸೇರಿದ್ದು. ಇವತ್ತು ಬದುಕಿರುವ ಹಕ್ಕಿಗಳಲ್ಲಿ ಅದಕ್ಕೆ ಅತಿ ಹತ್ತಿರದ ನೆಂಟ ನಿಕೋಬಾರ್ ಪಾರಿವಾಳ. ಜೀವಂತ ಡೋಡೋಗಳು ಭಾರತಕ್ಕೂ ಬಂದಿದ್ದವು. ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ಸೂರತ್ತಿನಲ್ಲಿ ಎರಡನ್ನು ನೋಡಿದ್ದಾಗಿ ಬರೆದಿದ್ದಾನೆ. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರನದೆಂದು ಹೇಳುವ ಚಿತ್ರವೊಂದು ಆ ಹಕ್ಕಿಯ ಬಣ್ಣವನ್ನು ತಿಳಿಯಲು ನಮಗೆ ಉಳಿದಿರುವ ಒಳ್ಳೆಯ ಆಧಾರಗಳಲ್ಲಿ ಒಂದು.

ಡಚ್ಚರು ಬಿಟ್ಟುಹೋದ ದ್ವೀಪವನ್ನು 1715ರಲ್ಲಿ ಫ್ರೆಂಚರು ಹಿಡಿದು 'ಇಲ್ ದ ಫ್ರಾನ್ಸ್' ಎಂದು ಕರೆದರು. ನಿಜವಾದ ನೆಲೆ ಕಟ್ಟಿದವನು 1735ರಲ್ಲಿ ಗವರ್ನರ್ ಆಗಿ ಬಂದ ಮಾಹೆ ದ ಲಾಬೂರ್ದೊನೆ. ಬಂದರು, ಆಸ್ಪತ್ರೆ, ರಸ್ತೆ, ಸಕ್ಕರೆ ಗಾಣ ಎಲ್ಲವೂ ಅವನ ಕಾಲದಲ್ಲಿ ಎದ್ದವು. 1746ರಲ್ಲಿ ಹಡಗುಪಡೆ ತಂದು ಮದ್ರಾಸನ್ನು ಇಂಗ್ಲಿಷರಿಂದ ಕಿತ್ತುಕೊಂಡವನೂ ಇವನೇ. ಪುದುಚೇರಿಯಿಂದ ಕಲ್ಲುಕುಟಿಗರು, ಕುಶಲಕರ್ಮಿಗಳು ಅಲ್ಲಿಗೆ ಹೋದರು. ಹಾಗಾಗಿ ಮಾರಿಷಸ್ಸಿನ ಮೊದಲ ಭಾರತೀಯರಲ್ಲಿ ತಮಿಳರು ಇದ್ದರು, ಕರಾರು ಕೂಲಿಗಳಿಗಿಂತ ನೂರು ವರ್ಷ ಮೊದಲು.

ಆದರೆ ಕಾಡು ಕಡಿದವರು, ರಸ್ತೆ ಹಾಕಿದವರು, ಕಬ್ಬು ನೆಟ್ಟವರು ಗುಲಾಮರು. ಮಡಗಾಸ್ಕರ್ ಮತ್ತು ಮೊಜಾಂಬಿಕ್ ಕಡೆಯಿಂದ ಅತಿ ಹೆಚ್ಚು, ಪಶ್ಚಿಮ ಆಫ್ರಿಕಾದಿಂದ ಕೆಲವರು, ಭಾರತದಿಂದಲೂ ಕೆಲವರು. ತಪ್ಪಿಸಿಕೊಂಡವರು ದ್ವೀಪದ ನೈರುತ್ಯ ತುದಿಯ ಲೆ ಮೋರ್ನ್ ಎಂಬ ಕಡಿದಾದ ಬಂಡೆಬೆಟ್ಟದಲ್ಲಿ ಅಡಗುತ್ತಿದ್ದರು. 1835ರಲ್ಲಿ ಗುಲಾಮಗಿರಿ ರದ್ದಾಯಿತೆಂದು ತಿಳಿಸಲು ಬೆಟ್ಟ ಹತ್ತಿದ ಸಿಪಾಯಿಗಳನ್ನು ಕಂಡು, ಮತ್ತೆ ಹಿಡಿಯಲು ಬಂದರೆಂದು ಹೆದರಿ ಕೆಲವರು ಕೆಳಗೆ ಹಾರಿ ಸತ್ತರೆಂದು ಅಲ್ಲಿನ ಜನ ಹೇಳುತ್ತಾರೆ. 2008ರಲ್ಲಿ ಯುನೆಸ್ಕೊ ಆ ಬೆಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಫ್ರೆಂಚ್ ಕಾಲದಲ್ಲಿ ನಮ್ಮ ಚರಿತ್ರೆ ಆ ದ್ವೀಪವನ್ನು ನೇರವಾಗಿ ಮುಟ್ಟುತ್ತದೆ. 1782ರಲ್ಲಿ ಹೈದರಾಲಿಗೆ ಬೆಂಬಲವಾಗಿ ಕೋರಮಂಡಲ ತೀರದಲ್ಲಿ ಇಂಗ್ಲಿಷರೊಡನೆ ಕಾದಾಡಿದ ಫ್ರೆಂಚ್ ನೌಕಾಧಿಪತಿ ಸುಫ್ರೆನ್‌ನ ಹಡಗುಪಡೆ ಹೊರಟದ್ದು ಅಲ್ಲಿಂದ. ಹದಿನೈದು ವರ್ಷದ ಬಳಿಕ, 1797ರಲ್ಲಿ, ರಿಪೋ ಎಂಬ ಫ್ರೆಂಚ್ ನಾವಿಕ ಮುರುಕು ಹಡಗಿನಲ್ಲಿ ಮಂಗಳೂರು ಸೇರಿದ. ಇಲ್ ದ ಫ್ರಾನ್ಸ್‌ನಲ್ಲಿ ದೊಡ್ಡ ಸೈನ್ಯ ಸಿದ್ಧವಾಗಿದೆ, ಕೇಳಿದರೆ ಬರುತ್ತದೆ ಎಂದು ಟಿಪ್ಪು ಸುಲ್ತಾನನಿಗೆ ಹೇಳಿದ. ಟಿಪ್ಪು ಗುಟ್ಟಾಗಿ ಇಬ್ಬರು ದೂತರನ್ನು ಕಳಿಸಿದ. 1798ರ ಜನವರಿಯಲ್ಲಿ ಅವರು ಅಲ್ಲಿಗೆ ತಲುಪಿದಾಗ ಗವರ್ನರ್ ಮಲಾರ್ತಿಕ್‌ನ ಹತ್ತಿರ ಕೊಡಲು ಸೈನ್ಯವೇ ಇರಲಿಲ್ಲ. ಅವನು ಮಾಡಿದ ಕೆಲಸ ಇನ್ನೂ ಕೆಟ್ಟದ್ದು. ಟಿಪ್ಪು ಇಂಗ್ಲಿಷರ ವಿರುದ್ಧ ನೆರವು ಕೇಳಿದ್ದಾನೆ, ಸ್ವಯಂಸೇವಕರು ಮುಂದೆ ಬನ್ನಿ ಎಂದು ಜನವರಿ 30ರಂದು ಬಹಿರಂಗ ಘೋಷಣೆ ಹೊರಡಿಸಿದ. ಬಂದವರು ನೂರರ ಆಸುಪಾಸು ಜನ. ಏಪ್ರಿಲ್ ಕೊನೆಗೆ ಅವರು ಮಂಗಳೂರಿಗೆ ಇಳಿದರು. ಘೋಷಣೆಯ ಪ್ರತಿ ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕೈ ಸೇರಿತು. ಮೈಸೂರಿನ ಮೇಲೆ ಯುದ್ಧ ಹೂಡಲು ನೆಪ ಹುಡುಕುತ್ತಿದ್ದವನಿಗೆ ಅದಕ್ಕಿಂತ ಒಳ್ಳೆಯದು ಸಿಗುವಂತಿರಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ನಮ್ಮ ಶಾಲಾ ಪಾಠಗಳಲ್ಲಿ ನೆಪೋಲಿಯನ್ನನ ಹೆಸರು ಬರುತ್ತದೆ, ಟಿಪ್ಪುವಿನ ಗುಟ್ಟು ರಟ್ಟಾದ ದ್ವೀಪದ ಹೆಸರು ಬರುವುದಿಲ್ಲ. ನಾಲ್ಕನೇ ಮೈಸೂರು ಯುದ್ಧದ ಕಾರಣಗಳನ್ನು ಬರೆಯುವಾಗ ನೀವು ಇದನ್ನು ಮರೆಯಬೇಡಿ.

ಅಲ್ಲಿಂದ ಹೊರಡುತ್ತಿದ್ದ ಫ್ರೆಂಚ್ ಹಡಗುಗಳು ಇಂಗ್ಲಿಷರ ವ್ಯಾಪಾರವನ್ನು ಲೂಟಿ ಮಾಡುತ್ತಲೇ ಇದ್ದವು. 1810ರ ಆಗಸ್ಟಿನಲ್ಲಿ ಗ್ರಾನ್ ಪೋರ್ ಎಂಬಲ್ಲಿ ನಡೆದ ನೌಕಾಯುದ್ಧದಲ್ಲಿ ಫ್ರೆಂಚರು ಗೆದ್ದರು. ಪ್ಯಾರಿಸ್ಸಿನ ವಿಜಯ ಕಮಾನಿನ ಮೇಲೆ ಆ ಹೆಸರು ಕೆತ್ತಿದೆ. ಅದೇ ಡಿಸೆಂಬರಿನಲ್ಲಿ ಇಂಗ್ಲಿಷರು ದೊಡ್ಡ ಪಡೆಯೊಡನೆ ಬಂದು ದ್ವೀಪವನ್ನು ಹಿಡಿದರು, ಅವರ ಜೊತೆ ಭಾರತದ ಸಿಪಾಯಿಗಳೂ ಇದ್ದರು. ಶರಣಾಗತಿಯ ಒಪ್ಪಂದದಲ್ಲಿ ಫ್ರೆಂಚ್ ನೆಲಸಿಗರ ಆಸ್ತಿ, ಕಾನೂನು, ಧರ್ಮ, ರೂಢಿಗಳಿಗೆ ಕೈ ಹಚ್ಚುವುದಿಲ್ಲ ಎಂದು ಮಾತು ಕೊಟ್ಟರು. ಪತ್ರಿಕೆ ಫ್ರೆಂಚಿನಲ್ಲಿ, ಸಂಸತ್ತು ಇಂಗ್ಲಿಷಿನಲ್ಲಿ ಎಂಬ ನಿಮ್ಮ ಗೊಂದಲದ ಬೇರು ಇಲ್ಲಿದೆ. ಸರ್ಕಾರ ಇಂಗ್ಲಿಷರದಾಯಿತು, ಭೂಮಿ ಮತ್ತು ಸಮಾಜ ಫ್ರೆಂಚರ ಕೈಯಲ್ಲೇ ಉಳಿಯಿತು.

1835ರ ಫೆಬ್ರವರಿ 1ರಂದು ಗುಲಾಮಗಿರಿ ರದ್ದಾಯಿತು. ಅರವತ್ತು ಸಾವಿರಕ್ಕೂ ಹೆಚ್ಚು ಗುಲಾಮರಿದ್ದ ಆ ದ್ವೀಪದ ಒಡೆಯರಿಗೆ ಬ್ರಿಟಿಷ್ ಸರ್ಕಾರ ಸುಮಾರು 20 ಲಕ್ಷ ಪೌಂಡ್ ಪರಿಹಾರ ಕೊಟ್ಟಿತು. ಗುಲಾಮರಿಗೆ ಒಂದು ಕಾಸೂ ಸಿಗಲಿಲ್ಲ. 'ತರಬೇತಿ'ಯ ಹೆಸರಿನಲ್ಲಿ ಇನ್ನೂ ನಾಲ್ಕು ವರ್ಷ ಅದೇ ಒಡೆಯರ ಹತ್ತಿರ ದುಡಿಯಬೇಕಾಯಿತು. ಬಿಡುಗಡೆಯಾದ ಮೇಲೆ ಬಹಳ ಮಂದಿ ತೋಟಗಳಿಗೆ ಬೆನ್ನು ಹಾಕಿ ಕಡಲ ತೀರಕ್ಕೆ ಹೋದರು, ಮೀನು ಹಿಡಿದು ಬದುಕಿದರು. ಭೂಮಿ ಸಿಗದ ಅವರ ಮಕ್ಕಳು ಮೊಮ್ಮಕ್ಕಳು ಕ್ರಿಯೋಲ್ ಸಮುದಾಯದ ಬಡವರಾಗಿ ಉಳಿದರು. ಮಾರಿಷಸ್ಸಿನ ಇವತ್ತಿನ ಅಸಮಾನತೆಯನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಮುಖ್ಯವಾದ ಸಂಗತಿ ಇಲ್ಲ ಎಂದು ನನ್ನ ಅಭಿಪ್ರಾಯ.

ಕಬ್ಬಿಗೆ ಕೈಗಳು ಬೇಕಿದ್ದವು. 1834ರ ನವೆಂಬರ್ 2ರಂದು 'ಅಟ್ಲಾಸ್' ಎಂಬ ಹಡಗು ಕಲ್ಕತ್ತೆಯಿಂದ 36 ಕೂಲಿಗಳನ್ನು ತಂದು ಪೋರ್ಟ್ ಲೂಯಿಯಲ್ಲಿ ಇಳಿಸಿತು. ಅವರು ಛೋಟಾನಾಗಪುರದ ಗುಡ್ಡಗಾಡಿನವರು. ಅಲ್ಲಿಂದ ಮುಂದೆ 20ನೇ ಶತಮಾನದ ಆರಂಭದವರೆಗೆ ಸುಮಾರು ನಾಲ್ಕೂವರೆ ಲಕ್ಷ ಜನ ಕರಾರಿಗೆ ಹೆಬ್ಬೆಟ್ಟೊತ್ತಿ ಬಂದರು. ಬಹುಪಾಲು ಬಿಹಾರ ಮತ್ತು ಇಂದಿನ ಉತ್ತರ ಪ್ರದೇಶದ ಭೋಜಪುರಿ ಮಾತಿನ ಸೀಮೆಯವರು, ಆಮೇಲೆ ಮದ್ರಾಸ್ ಬಂದರಿನಿಂದ ತಮಿಳರು ಮತ್ತು ತೆಲುಗರು, ಕಡಿಮೆ ಸಂಖ್ಯೆಯಲ್ಲಿ ಮುಂಬೈ ಬಂದರಿನಿಂದ ಮರಾಠಿಗರು. ಗುಲಾಮಗಿರಿಯ ಬದಲಿಗೆ ಕರಾರು ಕೂಲಿಯನ್ನು ತಂದು ನೋಡುವ ಪ್ರಯೋಗ ಮಾರಿಷಸ್ಸಿನಲ್ಲಿ ಮೊದಲು ನಡೆಯಿತು. ಅದು ಒಡೆಯರಿಗೆ ಲಾಭ ತಂದ ಮೇಲೆ ಗಯಾನಾ, ಟ್ರಿನಿಡಾಡ್, ನಟಾಲ್, ಫಿಜಿಗಳಲ್ಲೂ ಅದನ್ನೇ ನಡೆಸಿದರು.

ಬಂದವರು ಬಂದರಿನ ಡಿಪೋದ ಹದಿನಾರು ಕಲ್ಲಿನ ಮೆಟ್ಟಿಲು ಹತ್ತಬೇಕಿತ್ತು. ಆ ಜಾಗವೇ ಇವತ್ತಿನ ಆಪ್ರವಾಸಿ ಘಾಟ್, 2006ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಪ್ರತಿಯೊಬ್ಬರಿಗೂ ಒಂದು ನಂಬರು ಕೊಟ್ಟು, ಹೆಸರು, ಊರು, ಜಾತಿ, ಮೈಮೇಲಿನ ಗುರುತು ಬರೆದುಕೊಳ್ಳುತ್ತಿದ್ದರು. ತಿಂಗಳಿಗೆ ಐದು ರೂಪಾಯಿ ಕೂಲಿ, ಜೊತೆಗೆ ದಿನಸಿ. ಒಂದು ದಿನ ಕೆಲಸ ತಪ್ಪಿದರೆ ಎರಡು ದಿನದ ಕೂಲಿ ಕಡಿತ. ಕರಾರು ಮುಗಿದವರೂ ಭಾವಚಿತ್ರ ಅಂಟಿಸಿದ ಪಾಸನ್ನು ಸದಾ ಹತ್ತಿರ ಇಟ್ಟುಕೊಳ್ಳಬೇಕೆಂದು 1867ರಲ್ಲಿ ಕಾನೂನು ಬಂತು. ಇಲ್ಲದಿದ್ದರೆ ಅಲೆಮಾರಿಯೆಂದು ಜೈಲು. ಅವರನ್ನು ಕಾಡಲೆಂದು ತೆಗೆದ ಆ ಚಿತ್ರಗಳೂ ಆ ದಾಖಲೆಗಳೂ ಈಗ ಮೋಕಾದ ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿವೆ. ಮುತ್ತಜ್ಜನ ಊರು ಯಾವುದೆಂದು ಹುಡುಕುವವರಿಗೆ ಇವತ್ತು ಅವೇ ಆಧಾರ.

ಈ ಜನ ಸುಮ್ಮನೆ ಸಹಿಸಿಕೊಂಡು ಕೂರಲಿಲ್ಲ. 1871ರಲ್ಲಿ ಅಡಾಲ್ಫ್ ದ ಪ್ಲೆವಿಟ್ಸ್ ಎಂಬ ಯುರೋಪಿಯನ್ ತೋಟಗಾರನ ನೆರವಿನಿಂದ ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿ ಅರ್ಜಿ ಬರೆದುಕೊಟ್ಟರು, ಅದರಿಂದ ತನಿಖೆಗೆ ಬ್ರಿಟನ್ನಿನ ರಾಜ ಆಯೋಗವೇ ಬಂತು. ಸಕ್ಕರೆ ಬೆಲೆ ಕುಸಿದಾಗ ತೋಟದವರು ಅಂಚಿನ ಜಮೀನುಗಳನ್ನು ತುಂಡು ಮಾಡಿ ಮಾರಿದರು. ಕೂಡಿಟ್ಟ ಕಾಸಿನಲ್ಲಿ ಭಾರತೀಯರು ಅವನ್ನು ಕೊಂಡು ಸಣ್ಣ ರೈತರಾದರು. 1901ರಲ್ಲಿ ದಕ್ಷಿಣ ಆಫ್ರಿಕಾದಿಂದ ಮರಳುತ್ತಿದ್ದ ಗಾಂಧೀಜಿ ಎರಡು ವಾರಕ್ಕೂ ಹೆಚ್ಚು ಅಲ್ಲಿ ಉಳಿದರು. ಮಕ್ಕಳನ್ನು ಓದಿಸಿ, ರಾಜಕೀಯದಲ್ಲಿ ಪಾಲು ಕೇಳಿ ಎಂಬುದು ಅವರ ಸಲಹೆಯಾಗಿತ್ತು. 1907ರಲ್ಲಿ ವಕೀಲ ಮಣಿಲಾಲ್ ಡಾಕ್ಟರ್ ಬಂದು ಕೂಲಿಗಳ ಪರ ಕೋರ್ಟಿನಲ್ಲಿ ನಿಂತರು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1948ರ ಚುನಾವಣೆ. ಯಾವುದಾದರೂ ಭಾಷೆಯಲ್ಲಿ ಸರಳ ವಾಕ್ಯ ಓದಿ ಬರೆಯಬಲ್ಲವರಿಗೆ ಮತದಾನದ ಹಕ್ಕು ಎಂದು ಹೊಸ ಸಂವಿಧಾನ ಹೇಳಿತು. ಬಾಸುದೇವ ಬಿಸುನ್‌ದಯಾಳ್ ಮತ್ತು ಅವರ ಸ್ವಯಂಸೇವಕರು ಹಳ್ಳಿ ಹಳ್ಳಿಗೆ ಹೋಗಿ, ಕಬ್ಬಿನ ಗದ್ದೆಯಿಂದ ಬಂದವರನ್ನು ಸಂಜೆ 'ಬೈಠಕಾ'ಗಳಲ್ಲಿ ಕೂರಿಸಿ ಅಕ್ಷರ ಕಲಿಸಿದರು. ಹನ್ನೆರಡು ಸಾವಿರದಷ್ಟಿದ್ದ ಮತದಾರರ ಸಂಖ್ಯೆ ಎಪ್ಪತ್ತು ಸಾವಿರ ದಾಟಿತು. ಸಕ್ಕರೆ ಧಣಿಗಳ ಕೈಯಿಂದ ಶಾಸನಸಭೆ ಜಾರಿದ್ದು ಆಗ. ಅದಕ್ಕೆ ಐದು ವರ್ಷ ಹಿಂದೆ ಬೆಲ್ ವ್ಯೂ ಹರೆಲ್ ತೋಟದಲ್ಲಿ ಕೂಲಿಗಾಗಿ ಮುಷ್ಕರ ಹೂಡಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಗರ್ಭಿಣಿ ಅಂಜಲೈ ಕೂಪನ್ ಸತ್ತಿದ್ದರು. ದೇಶದ ಕ್ರೀಡಾಂಗಣವೊಂದಕ್ಕೆ ಈಗ ಅವರ ಹೆಸರಿದೆ.

ಸ್ವಾತಂತ್ರ್ಯ ಬಂದದ್ದು 1968ರ ಮಾರ್ಚ್ 12ರಂದು, ದಂಡಿಯಾತ್ರೆ ಹೊರಟ ತಾರೀಖಿನಲ್ಲಿ. ಶಿವಸಾಗರ ರಾಮಗುಲಾಮ್ ಮೊದಲ ಪ್ರಧಾನಿ. 1992ರ ಅದೇ ದಿನ ಗಣರಾಜ್ಯವಾಯಿತು. ಆದರೆ ಸ್ವಾತಂತ್ರ್ಯ ಎಲ್ಲರಿಗೂ ಹಬ್ಬವಾಗಿರಲಿಲ್ಲ. 1967ರ ಚುನಾವಣೆಯಲ್ಲಿ ಸುಮಾರು ಶೇ. 44 ಮತ ಸ್ವಾತಂತ್ರ್ಯದ ವಿರುದ್ಧವಿದ್ದ ಪಕ್ಷಕ್ಕೆ ಬಿದ್ದಿತ್ತು. ಹಿಂದೂ ಬಹುಸಂಖ್ಯಾತರ ಆಳ್ವಿಕೆಯಲ್ಲಿ ತಮಗೆ ಜಾಗವಿರುವುದಿಲ್ಲ ಎಂದು ಕ್ರಿಯೋಲರಲ್ಲಿ ಅನೇಕರು ಹೆದರಿದ್ದರು. 'ಪುಟ್ಟ ಭಾರತ' ಎಂದು ನಾವು ಹಗುರವಾಗಿ ಹೇಳುವ ಮಾತು ಅವರ ಕಿವಿಗೆ ಹೇಗೆ ಕೇಳಿಸುತ್ತದೆಂದು ಯೋಚಿಸಿ. ಆ ಅಂಜಿಕೆ ತಗ್ಗಿಸಲು ಸಂವಿಧಾನದಲ್ಲೇ ಒಂದು ಏರ್ಪಾಡಿದೆ. ಚುನಾಯಿತ ಸ್ಥಾನಗಳು 62. ಕಡಿಮೆ ಪ್ರಾತಿನಿಧ್ಯ ಸಿಕ್ಕ ಸಮುದಾಯಗಳ ಸೋತ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರಿಗೆ ಗರಿಷ್ಠ 8 ಹೆಚ್ಚುವರಿ ಸ್ಥಾನ ಹಂಚುತ್ತಾರೆ. ಇದು ಜನರನ್ನು ಸಮುದಾಯಗಳಾಗಿಯೇ ಉಳಿಸುತ್ತದೆ ಎಂಬ ಟೀಕೆ ಅಲ್ಲಿ ಬಹಳ ಕಾಲದಿಂದ ಇದೆ.

ಆರ್ಥಿಕತೆಯ ಬಗ್ಗೆ ಚುಟುಕಾಗಿ: ಸ್ವಾತಂತ್ರ್ಯದ ಹೊತ್ತಿಗೆ ರಫ್ತಿನ ಶೇ. 90ಕ್ಕೂ ಹೆಚ್ಚು ಸಕ್ಕರೆಯೇ. ಮುಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ 1960ರ ದಶಕದ ಆರಂಭದಲ್ಲಿ ಈ ದೇಶದ ಭವಿಷ್ಯದ ಬಗ್ಗೆ ನಿರಾಶೆ ತೋರಿದ್ದರು. 1970ರಿಂದ ಶುರುವಾದ ರಫ್ತು ವಲಯದ ಜವಳಿ ಕಾರ್ಖಾನೆಗಳು, ಪ್ರವಾಸೋದ್ಯಮ, ಆಮೇಲೆ ಹಣಕಾಸು ಸೇವೆಗಳು ಆ ಅಂದಾಜನ್ನು ಸುಳ್ಳು ಮಾಡಿದವು. ಭಾರತಕ್ಕೆ ಮಾರಿಷಸ್ ಮೂಲಕ ಅಷ್ಟೊಂದು ಬಂಡವಾಳ ಬಂದದ್ದು ದುಪ್ಪಟ್ಟು ತೆರಿಗೆ ತಪ್ಪಿಸುವ ಒಪ್ಪಂದದಿಂದ. 2016ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು.

ಇನ್ನು ಭಾಷೆ ಮತ್ತು ಸಂಸ್ಕೃತಿ. ಮನೆಯಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನ ಆಡುವುದು ಕ್ರಿಯೋಲ್, ಅಂದರೆ ಗುಲಾಮರ ನಡುವೆ ಹುಟ್ಟಿದ, ಪದಗಳು ಬಹುಪಾಲು ಫ್ರೆಂಚಿನಿಂದ ಬಂದ, ವ್ಯಾಕರಣ ತನ್ನದೇ ಆದ ಭಾಷೆ. ನಿಮ್ಮ ಪುಸ್ತಕ ಬಿಟ್ಟಿರುವುದು ಇದನ್ನೇ. ಹಿಂದೂ, ಮುಸ್ಲಿಂ, ಕ್ರೈಸ್ತ, ಚೀನೀ ಮೂಲದವರು ಮಾರುಕಟ್ಟೆಯಲ್ಲಿ ಜಗಳವಾಡುವುದೂ ಪ್ರೀತಿಸುವುದೂ ಕ್ರಿಯೋಲಿನಲ್ಲಿ. ಅದನ್ನು ಪ್ರಾಥಮಿಕ ಶಾಲೆಯಲ್ಲಿ ಐಚ್ಛಿಕ ವಿಷಯವಾಗಿ ಕಲಿಸಲು ಶುರುಮಾಡಿದ್ದು 2012ರಲ್ಲಷ್ಟೇ. ಭೋಜಪುರಿ ಒಂದು ಕಾಲಕ್ಕೆ ಹಳ್ಳಿಗಳ ಮಾತಾಗಿತ್ತು, ಕ್ರಿಯೋಲರೂ ಚೀನೀ ಅಂಗಡಿಯವರೂ ಕಲಿತಿದ್ದರು. ಈಗ ಮನೆಮಾತಾಗಿ ಉಳಿದಿರುವುದು ಶೇ. 5ರ ಆಸುಪಾಸು ಜನಕ್ಕೆ. ನೋಟಿನ ಮೇಲೆ ರೂಪಾಯಿ ಎಂದು ಇಂಗ್ಲಿಷ್, ತಮಿಳು, ಹಿಂದಿಯಲ್ಲಿ ಬರೆದಿರುತ್ತದೆ. 1998ರಲ್ಲಿ ಹೊಸ ನೋಟುಗಳಲ್ಲಿ ಹಿಂದಿಯನ್ನು ತಮಿಳಿಗಿಂತ ಮೇಲೆ ಅಚ್ಚು ಮಾಡಿದ್ದಕ್ಕೆ ತಮಿಳರು ಪ್ರತಿಭಟಿಸಿದರು, ನೋಟುಗಳನ್ನೇ ಹಿಂದೆಗೆದುಕೊಳ್ಳಬೇಕಾಯಿತು. ಹಿಂದೂಗಳು ಎಂದು ಒಟ್ಟಾಗಿ ಲೆಕ್ಕ ಹಾಕುವವರು ಈ ಘಟನೆಯನ್ನು ಗಮನಿಸಬೇಕು. ಅಲ್ಲಿ ತಮಿಳರು, ತೆಲುಗರು, ಮರಾಠಿಗರು ತಮ್ಮನ್ನು ಬೇರೆ ಬೇರೆ ಸಮುದಾಯಗಳೆಂದೇ ಭಾವಿಸುತ್ತಾರೆ.

ಯುಗಾದಿ, ಗಣೇಶ ಚೌತಿ, ತೈಪೂಸಂ ಕಾವಡಿ, ಶಿವರಾತ್ರಿ, ದೀಪಾವಳಿ, ಈದ್, ಚೀನೀ ಹೊಸವರ್ಷ, ಕ್ರಿಸ್ಮಸ್ ಎಲ್ಲಕ್ಕೂ ಸರ್ಕಾರಿ ರಜೆ. ಫೆಬ್ರವರಿ 1 ಗುಲಾಮಗಿರಿ ರದ್ದಾದ ದಿನ, ನವೆಂಬರ್ 2 ಕೂಲಿಗಳು ಬಂದಿಳಿದ ದಿನ; ಇವೆರಡಕ್ಕೂ ರಜೆ ಇದೆ. ಶಿವರಾತ್ರಿಗೆ ಲಕ್ಷಾಂತರ ಜನ ಬಿಳಿ ಬಟ್ಟೆ ಉಟ್ಟು, ಅಲಂಕರಿಸಿದ ಕಾಂವರ್ ಎಂಬ ಕಾವಡಿ ಹೊತ್ತು ದ್ವೀಪದ ಎಲ್ಲ ಮೂಲೆಗಳಿಂದ ಗಂಗಾ ತಲಾವಿಗೆ ನಡೆದು ಹೋಗುತ್ತಾರೆ. ಆರಿದ ಜ್ವಾಲಾಮುಖಿಯ ಬಾಯಲ್ಲಿ ನೀರು ನಿಂತ ಕೆರೆ ಅದು. 1890ರ ದಶಕದ ಕೊನೆಯಲ್ಲಿ ತ್ರಿಯೋಲೆ ಊರಿನ ಅರ್ಚಕರೊಬ್ಬರಿಗೆ ಆ ಕೆರೆ ಗಂಗೆಯೊಡನೆ ಸೇರಿದಂತೆ ಕನಸು ಬಿತ್ತೆಂಬ ನಂಬಿಕೆಯಿಂದ ಯಾತ್ರೆ ಆರಂಭವಾಯಿತು. 1972ರಲ್ಲಿ ಗಂಗಾಜಲ ತಂದು ಸೇರಿಸಿದರು, 2007ರಲ್ಲಿ 33 ಮೀಟರಿನ ಶಿವನ ವಿಗ್ರಹ ಎದ್ದಿತು. ದಾರಿಯುದ್ದಕ್ಕೂ ಯಾತ್ರಿಕರಿಗೆ ನೀರು, ಹಣ್ಣು ಕೊಡುವವರಲ್ಲಿ ಬೇರೆ ಧರ್ಮದವರೂ ಇರುತ್ತಾರೆ. ಹಾಗೆಯೇ ಗುಲಾಮರಾಗಿದ್ದವರ ನಡುವೆ ಬದುಕು ಕಳೆದ ಪಾದ್ರಿ ಲಾವಾಲ್ ಅವರ ಸಮಾಧಿಗೆ ಸೆಪ್ಟೆಂಬರಿನಲ್ಲಿ ರಾತ್ರಿಯಿಡೀ ನಡೆದು ಹೋಗುವವರಲ್ಲಿ ಹಿಂದೂಗಳು ಬಹಳ ಮಂದಿ.

ಸೇಗಾ ಎಂಬ ಹಾಡು-ಕುಣಿತ ಗುಲಾಮರ ಕೊಡುಗೆ. ಆಡಿನ ಚರ್ಮದ ರವಾನ್ ಎಂಬ ಅಗಲ ತಮಟೆಯನ್ನು ಬೆಂಕಿಗೆ ಹಿಡಿದು ಬಿಗಿ ಮಾಡಿ ಬಾರಿಸುತ್ತಾರೆ, ಕುಣಿಯುವವರು ಪಾದವನ್ನು ನೆಲದಿಂದ ಎತ್ತದೆ ಜಾರಿಸುತ್ತಾರೆ. 2014ರಲ್ಲಿ ಇದು ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. 2016ರಲ್ಲಿ ಭೋಜಪುರಿ ಹೆಂಗಸರ ಮದುವೆ ಹಾಡುಗಳಾದ ಗೀತ್-ಗವಾಯಿ ಸೇರಿತು. ಬೀದಿ ಬದಿಯ ತಿಂಡಿಗಳ ಅರಸ ಧೋಲ್ ಪುರಿ: ಬಟಾಣಿ ಬೇಳೆಯ ಪುಡಿ ತುಂಬಿ ಲಟ್ಟಿಸಿದ, ಬೆಲ್ಲವಿಲ್ಲದ ಹೋಳಿಗೆ ಎನ್ನಿ. ಜೋಡಿಯಾಗಿ ಕೊಡುತ್ತಾರೆ, ನಡುವೆ ಕಾಳಿನ ಪಲ್ಯ, ಟೊಮೆಟೊ ಗೊಜ್ಜಿನಂಥ ರುಗಾಯ್, ಮೆಣಸಿನಕಾಯಿ ಚಟ್ನಿ. ಬಿಹಾರದ ದಾಲ್ ಪೂರಿಗೆ ಕ್ರಿಯೋಲರ ರುಗಾಯ್ ಹಚ್ಚಿ ಚೀನೀ ಮೂಲದವರೂ ಮಧ್ಯಾಹ್ನದ ಊಟ ಮುಗಿಸುತ್ತಾರೆ. ಇದನ್ನು ಭಾರತದ್ದು ಎಂದರೂ ಅಲ್ಲ ಎಂದರೂ ಅರ್ಧ ಸತ್ಯವೇ. ಇದು ಮಾರಿಷಸ್ಸಿನದು.

ಮುಖ್ಯ ದ್ವೀಪದ ಪೂರ್ವಕ್ಕಿರುವ ರೊಡ್ರಿಗ್ಸ್ ಕೂಡ ಈ ದೇಶದ್ದೇ. 108 ಚದರ ಕಿ.ಮೀ. ನೆಲ, ಜನ ಬಹುಪಾಲು ಕ್ರಿಯೋಲ್ ಕ್ಯಾಥಲಿಕ್ಕರು, 2002ರಿಂದ ಸ್ವಾಯತ್ತ ಆಡಳಿತ. 'ಪುಟ್ಟ ಭಾರತ' ಎಂಬ ಹೆಸರಿಗೆ ಅಲ್ಲಿ ಯಾವ ಆಧಾರವೂ ಸಿಗುವುದಿಲ್ಲ.

ಕೊನೆಯದಾಗಿ ಛಾಗೋಸ್. ಮಾರಿಷಸ್ಸಿನಿಂದ ಈಶಾನ್ಯಕ್ಕೆ ಸುಮಾರು 2,000 ಕಿ.ಮೀ. ದೂರದ ಈ ದ್ವೀಪಸಮೂಹ ಫ್ರೆಂಚರ ಕಾಲದಿಂದಲೂ ಮಾರಿಷಸ್ಸಿನ ಆಡಳಿತಕ್ಕೆ ಸೇರಿತ್ತು. 1965ರಲ್ಲಿ, ಸ್ವಾತಂತ್ರ್ಯದ ಮಾತುಕತೆ ನಡೆಯುತ್ತಿದ್ದಾಗಲೇ, ಬ್ರಿಟನ್ ಅದನ್ನು ಬೇರ್ಪಡಿಸಿ 30 ಲಕ್ಷ ಪೌಂಡ್ ಕೊಟ್ಟು ತನ್ನ ಬಳಿ ಇಟ್ಟುಕೊಂಡಿತು. ಡಿಯೆಗೊ ಗಾರ್ಸಿಯಾವನ್ನು ಅಮೆರಿಕದ ಸೇನಾ ನೆಲೆಗೆ ಕೊಟ್ಟಿತು. ತೆಂಗಿನ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ಸುಮಾರು ಒಂದೂವರೆ ಸಾವಿರದಿಂದ ಎರಡು ಸಾವಿರ ಜನರನ್ನು 1968ರಿಂದ 1973ರ ನಡುವೆ ಅಲ್ಲಿಂದ ಹೊರಹಾಕಿ ಮಾರಿಷಸ್ ಮತ್ತು ಸೆಶೆಲ್ಸ್ ಬಂದರುಗಳಲ್ಲಿ ಇಳಿಸಿದರು. ಅವರಲ್ಲಿ ಹೆಚ್ಚಿನವರು ಗುಲಾಮರ ಸಂತತಿ. 2019ರ ಫೆಬ್ರವರಿ 25ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಆ ಬೇರ್ಪಡೆ ಕಾನೂನುಬದ್ಧವಾಗಿರಲಿಲ್ಲ ಎಂದು ಸಲಹಾ ಅಭಿಪ್ರಾಯ ಕೊಟ್ಟಿತು. ಅದೇ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಮಹಾಸಭೆ 116–6 ಮತಗಳಿಂದ ಮಾರಿಷಸ್ಸಿನ ಪರ ನಿಂತಿತು, ಭಾರತವೂ ಪರವಾಗಿ ಮತ ಹಾಕಿತು. 2025ರ ಮೇ 22ರಂದು ಬ್ರಿಟನ್ ಮತ್ತು ಮಾರಿಷಸ್ ಸಹಿ ಹಾಕಿದ ಒಪ್ಪಂದದ ಪ್ರಕಾರ ಸಾರ್ವಭೌಮತ್ವ ಮಾರಿಷಸ್ಸಿಗೆ, ಡಿಯೆಗೊ ಗಾರ್ಸಿಯಾ 99 ವರ್ಷ ಬ್ರಿಟನ್ನಿಗೆ ಗುತ್ತಿಗೆ. ಪರೀಕ್ಷೆಗೆ ಈ ತಾರೀಖುಗಳು ಸಾಕು. ಆದರೆ ಉತ್ತರದಲ್ಲಿ ಇನ್ನೊಂದು ಸಾಲು ಸೇರಿಸಿ: ಆ ಒಪ್ಪಂದ ಹೊರಹಾಕಲ್ಪಟ್ಟವರಿಗೆ ಉಳಿದ ದ್ವೀಪಗಳಲ್ಲಿ ಮರುವಸತಿಗೆ ಅವಕಾಶ ಕೊಡುತ್ತದೆ, ಅವರಲ್ಲಿ ಬಹಳ ಮಂದಿ ಹುಟ್ಟಿ ಬೆಳೆದ ಡಿಯೆಗೊ ಗಾರ್ಸಿಯಾದಲ್ಲಿ ಕೊಡುವುದಿಲ್ಲ.